ಹದಿನೇಳರ ಲೆಕ್ಕದೊಳಗಿನ ಹೆಂಗಸರು

— ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ರಲ್ಲಿ ಒಮಾನ್‌ನ ತಾಯಂದಿರ ಮರಣ ಪ್ರಮಾಣ ಲಕ್ಷ ಜನನಕ್ಕೆ 17. ಅದೇ ಹೊತ್ತಿಗೆ ನಮ್ಮ ಕರ್ನಾಟಕದ್ದು 69. ನೀವು ಅಲ್ಲಿಯ ಹೆರಿಗೆ ವಾರ್ಡಿನಲ್ಲಿ ದುಡಿದು ಬಂದವರು. ಈ 17 ನಿಮಗೆ ಹೇಗೆ ಕಾಣುತ್ತದೆ?

— ಲಕ್ಷದ ಮಾತನ್ನು ಮೊದಲು ಬದಿಗಿಡೋಣ. ಒಮಾನ್‌ನಲ್ಲಿ ವರ್ಷಕ್ಕೆ ಲಕ್ಷ ಮಕ್ಕಳು ಹುಟ್ಟುವುದೇ ಇಲ್ಲ, ಎಂಬತ್ತು ಸಾವಿರದ ಆಸುಪಾಸು ಅಷ್ಟೆ. ಅಂದಮೇಲೆ ಆ 17 ಎಂದರೆ ಇಡೀ ದೇಶದಲ್ಲಿ ವರ್ಷಕ್ಕೆ ಹದಿಮೂರು, ಹದಿನಾಲ್ಕು ಹೆಂಗಸರು. ಅಷ್ಟು ಮಂದಿಯ ಕಡತಗಳನ್ನು ಒಂದೇ ಮೇಜಿನ ಮೇಲೆ ಹರಡಬಹುದು. ಒಬ್ಬೊಬ್ಬಳದೂ ಎಷ್ಟನೇ ಬಸುರು, ಯಾವ ತಾಸಿಗೆ ರಕ್ತ ಹೋಗಲು ಶುರುವಾಯಿತು, ಯಾರು ಯಾರಿಗೆ ಫೋನು ಮಾಡಿದರು, ರಕ್ತದ ಚೀಲ ಎಷ್ಟು ಹೊತ್ತಿಗೆ ಬಂತು, ಎಲ್ಲವನ್ನೂ ಓದಬಹುದು. ಅಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಈ ಓದುವ ಕೆಲಸ. ಆಸ್ಪತ್ರೆಯ ಕಟ್ಟಡವಾಗಲಿ ಯಂತ್ರಗಳಾಗಲಿ ಅಲ್ಲ.

— ನಮ್ಮಲ್ಲಿ ವರ್ಷಕ್ಕೆ ಹತ್ತು ಲಕ್ಷದ ಹತ್ತಿರ ಹೆರಿಗೆ. 2019-21ರ ಲೆಕ್ಕದಲ್ಲಿ ಪ್ರಮಾಣ 63ಕ್ಕೆ ಇಳಿಯಿತು, ಸಂತೋಷ. ಆದರೂ ವರ್ಷಕ್ಕೆ ಆರುನೂರರ ಮೇಲೆ ಹೆಂಗಸರು ಆಯಿತಲ್ಲ. ಯಾವ ಮೇಜು ಸಾಕಾದೀತು?

— ರಾಜ್ಯದ ಮೇಜು ಸಾಲದು, ಜಿಲ್ಲೆಯ ಮೇಜು ಸಾಕು. ಸರಾಸರಿ ಹಿಡಿದರೆ ಜಿಲ್ಲೆಗೆ ಇಪ್ಪತ್ತು. ನಿಮ್ಮ ಕಲ್ಯಾಣ ಕರ್ನಾಟಕದ ಕಡೆ ಇನ್ನಷ್ಟು ಹೆಚ್ಚಿರಬಹುದು. ಒಮಾನ್ ಇಡೀ ದೇಶಕ್ಕೆ ಮಾಡುವ ಕೆಲಸ ಒಂದು ಜಿಲ್ಲೆಗೆ ಮಾಡಲು ಆಗದ್ದೇನಲ್ಲ.

— ಒಂದು ಮಾತು ನೇರವಾಗಿ ಕೇಳುತ್ತೇನೆ. ಅದು ಎಣ್ಣೆಯ ದೇಶ. ಜನ ಐವತ್ತು ಲಕ್ಷದ ಆಸುಪಾಸು. 2020ರ ಜನಗಣತಿಯಲ್ಲಿ ಸುಮಾರು ನಲವತ್ತೈದು ಲಕ್ಷ, ಅದರಲ್ಲೂ ನೂರಕ್ಕೆ ಮೂವತ್ತೊಂಬತ್ತು ಮಂದಿ ಹೊರಗಿನಿಂದ ಬಂದವರು. ಅಷ್ಟು ದುಡ್ಡು, ಇಷ್ಟೇ ಜನ. ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬಳೇ ಪ್ರಸೂತಿ ವೈದ್ಯೆಯಾಗಿ ಕೂತಿರುವ ನನಗೆ ಅದನ್ನು ಮಾದರಿ ಅಂತ ತೋರಿಸುವುದು ಸರಿಯೆ?

— ದುಡ್ಡು ಬೇಕು, ಇಲ್ಲವೆನ್ನಲಾರೆ. ಆದರೆ ದುಡ್ಡು ಬಂದ ದಿನವೇ ತಾಯಂದಿರು ಉಳಿಯಲಿಲ್ಲ. ಒಮಾನ್ ಎಣ್ಣೆ ರಫ್ತು ಶುರು ಮಾಡಿದ್ದು 1967ರಲ್ಲಿ. ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದದ್ದು 1970ರ ಜುಲೈಯಲ್ಲಿ. ನಡುವಿನ ಮೂರು ವರ್ಷ ಎಣ್ಣೆಯ ಹಣ ಬರುತ್ತಲೇ ಇತ್ತು, ಹಳ್ಳಿಯ ಬಸುರಿಗೆ ಅದರಿಂದ ಏನೂ ದಕ್ಕಲಿಲ್ಲ. ಡಾಂಬರು ರಸ್ತೆ ಇಡೀ ದೇಶದಲ್ಲಿ ಹತ್ತು ಕಿಲೋಮೀಟರ್ ಅಂತ ಅಲ್ಲಿಯವರು ಇವತ್ತಿಗೂ ಹೇಳುತ್ತಾರೆ. ಹಳೆಯ ಮಸ್ಕತ್ತಿನ ಕೋಟೆಬಾಗಿಲು ಸೂರ್ಯ ಮುಳುಗಿ ಮೂರು ತಾಸಿಗೆ ಮುಚ್ಚಿಬಿಡುತ್ತಿತ್ತು. ಆಮೇಲೆ ಓಡಾಡುವವರು ಕೈಯಲ್ಲಿ ಲಾಂದ್ರ ಹಿಡಿದಿರಲೇಬೇಕು ಅನ್ನುವ ನಿಯಮವಿತ್ತು. ಹೆರಿಗೆ ನೋವಿಗೆ ಆ ಗಡಿಯಾರ ಎಲ್ಲಿ ಗೊತ್ತು? ಬಾಗಿಲ ಹೊರಗೆ ನೋವು ತಿನ್ನುತ್ತಿದ್ದ ಹೆಂಗಸನ್ನು ನೆನೆಸಿಕೊಳ್ಳಿ.

— ಆಗ ಹೆರಿಗೆ ಮಾಡಿಸುತ್ತಿದ್ದವರು ಯಾರು?

— ಮನೆಯ ಹಿರಿಯ ಹೆಂಗಸರು, ಊರಿನ ದಾಯಾ. ನಮ್ಮ ಸೂಲಗಿತ್ತಿಯ ಹಾಗೆಯೇ. ಆಸ್ಪತ್ರೆ ಅಂತ ಇದ್ದದ್ದು ಅಮೆರಿಕನ್ ಮಿಷನ್‌ನವರದು, ಮತ್ರಾಹ್ ಮತ್ತು ಮಸ್ಕತ್ತಿನಲ್ಲಿ. ಸಾರಾ ಹಾಸ್ಮನ್ ಎಂಬ ವೈದ್ಯೆ 1913ರಲ್ಲಿ ಮಸ್ಕತ್ತಿನಲ್ಲಿ ಹೆಂಗಸರಿಗೆಂದೇ ದವಾಖಾನೆ ತೆರೆದರು. ಆಕೆಗೆ ಒಂದು ಕಾಲು ಮರದ್ದು. ಆ ಕಾಲಲ್ಲೇ ಆ ಕಲ್ಲುಬೆಟ್ಟದ ಊರುಗಳಿಗೆ ಹೋಗುತ್ತಿದ್ದರು. ಆಕೆಯ ಹೆಸರನ್ನು ನಮ್ಮ ನರ್ಸಿಂಗ್ ಶಾಲೆಗಳಲ್ಲಿ ಯಾರೂ ಹೇಳಿಕೊಡುವುದಿಲ್ಲ, ಹೇಳಿಕೊಡಬೇಕು. ಆ ಮಿಷನ್ ವೈದ್ಯರು ಬರೆದಿಟ್ಟ ಒಂದು ಸಂಗತಿ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಹೆರಿಗೆಯಾದ ಮೇಲೆ ಬಾಣಂತಿಯ ಯೋನಿಯೊಳಗೆ ಕಲ್ಲುಪ್ಪು ತುಂಬುವ ಪದ್ಧತಿ ಕೊಲ್ಲಿಯ ಅರಬ್ ನಾಡುಗಳಲ್ಲಿತ್ತು, ಒಮಾನ್‌ನಲ್ಲೂ ಇತ್ತು. ನಂಜಾಗಬಾರದು, ಒಳಗು ಬೇಗ ಬಿಗಿಯಾಗಬೇಕು ಅನ್ನುವ ನಂಬಿಕೆ. ಉಪ್ಪು ಒಳಪೊರೆಯನ್ನು ಸುಡುತ್ತಿತ್ತು. ಗಾಯ ಮಾಯುತ್ತ ಮಾಯುತ್ತ ದಾರಿಯೇ ಗಟ್ಟಿ ಕಲೆಯಾಗಿ ಕಿರಿದಾಗುತ್ತಿತ್ತು. ಮೊದಲ ಹೆರಿಗೆ ಸಲೀಸಾಗಿ ಆದವಳಿಗೆ ಎರಡನೆಯದರಲ್ಲಿ ಮಗು ಹೊರಗೆ ಬರಲು ದಾರಿಯೇ ಇರುತ್ತಿರಲಿಲ್ಲ. ಎರಡು ದಿನ, ಮೂರು ದಿನ ನೋವು. ಕೊನೆಗೆ ಗರ್ಭಕೋಶ ಹರಿಯುವುದು, ಇಲ್ಲವೆ ಮೂತ್ರಕೋಶಕ್ಕೆ ತೂತಾಗಿ ಜೀವನಪೂರ್ತಿ ಸೋರುತ್ತ ಕೂರುವುದು.

— ಮೈ ಜುಮ್ಮೆನ್ನುತ್ತದೆ. ಆದರೆ ಆ ಉಪ್ಪನ್ನು ಇಟ್ಟ ಕೈ ಅವಳ ತಾಯಿಯದೋ ಅತ್ತೆಯದೋ ಆಗಿರುತ್ತಿತ್ತು. ಪ್ರೀತಿಯಿಂದಲೇ ಇಟ್ಟಿರುತ್ತಾಳೆ. ನಮ್ಮಲ್ಲೂ ಬಾಣಂತಿಗೆ ನೀರು ಕೊಡದೆ ಒಣಗಿಸುವವರು ಇದ್ದಾರೆ. ಕೇಳಿದರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ ಅನ್ನುತ್ತಾರೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ ಬಂದವರನ್ನು ನಾನು ನೋಡಿದ್ದೇನೆ.

— ಅದಕ್ಕೇ ಅಲ್ಲಿ ಹಳೆಯದನ್ನೆಲ್ಲ ಬೈದು ಬದಲಾಯಿಸಲಿಲ್ಲ ಅನ್ನುವುದು ನನಗೆ ಮುಖ್ಯವಾಗಿ ಕಂಡಿತು. ಬಾಣಂತಿಗೆ ನಲವತ್ತು ದಿನ ವಿಶ್ರಾಂತಿ ಅಲ್ಲಿಯ ಮನೆಗಳಲ್ಲಿ ಈಗಲೂ ಉಂಟು. ಮೆಂತ್ಯ, ಖರ್ಜೂರ, ಜೇನು, ಕೋಳಿ ಸಾರು, ಎಲ್ಲ ಉಂಟು. ತವರಿನವರು ಬಂದು ನೋಡಿಕೊಳ್ಳುತ್ತಾರೆ. ಅದನ್ನು ಉಳಿಸಿಕೊಂಡು ಉಪ್ಪನ್ನು ಬಿಡಿಸಿದರು. 1990ರ ದಶಕದ ಆರಂಭದಲ್ಲಿ ಊರೂರಿನ ಹೆಂಗಸರನ್ನೇ ಸ್ವಯಂಸೇವಕರಾಗಿ ಸೇರಿಸಿ ಗುಂಪುಗಳನ್ನು ಕಟ್ಟಿದರು. ನಮ್ಮ ಆಶಾ ಕಾರ್ಯಕರ್ತೆಯರಿಗಿಂತ ಹತ್ತು ವರ್ಷಕ್ಕೂ ಹಿಂದೆ. ಆ ಸ್ವಯಂಸೇವಕಿ ಪಕ್ಕದ ಮನೆಯವಳು, ಬಸುರಿಯ ಅತ್ತೆಯ ಜೊತೆ ಕಾಫಿ ಕುಡಿಯುತ್ತ ಹೇಳಬಲ್ಲವಳು. ನಾನು ಮಂಗಳೂರಿನ ಕಡೆಯವಳು, ನನ್ನ ಮುರುಕು ಅರಬ್ಬಿಯಲ್ಲಿ ಅದನ್ನು ಹೇಳಿದರೆ ಯಾರು ಕೇಳಿಯಾರು?

— ಮಂಗಳೂರಿನವರಿಗೆ ಮಸ್ಕತ್ತು ಹೊಸದೇನಲ್ಲ ಬಿಡಿ. ಟಿಪ್ಪುವಿನ ಕಾಲದಲ್ಲೇ ಅಲ್ಲಿ ಮೈಸೂರಿನ ವ್ಯಾಪಾರದ ಕೋಠಿಯಿತ್ತು, ಮಂಗಳೂರಿನ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು.

— ಅಕ್ಕಿ ಹೋದ ದಾರಿಯಲ್ಲೇ ಆಮೇಲೆ ನಾವು ಹೋದೆವು. ಕರಾವಳಿಯ ನರ್ಸುಗಳು, ಕೇರಳದವರು, ಫಿಲಿಪೀನ್ಸಿನವರು. 1970ರ ನಂತರದ ಮೊದಲ ಎರಡು ದಶಕ ಆ ದೇಶದ ಹೆರಿಗೆ ಕೋಣೆಗಳನ್ನು ನಡೆಸಿದ್ದು ಬಹುಪಾಲು ಹೊರಗಿನವರೇ. ಈಗ ಹಾಗಿಲ್ಲ. ಸರ್ಕಾರಿ ಆಸ್ಪತ್ರೆಗಳ ನರ್ಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಮಾನಿಗಳು. ನಮ್ಮವರ ಕೆಲಸ ಹೋಯಿತೆಂದು ಬೇಸರಪಡುವವರಿದ್ದಾರೆ. ನಾನು ಬೇಸರಪಡುವುದಿಲ್ಲ. ಹೆರುವವಳ ಮಾತು ಕೈಹಿಡಿದವಳಿಗೆ ಪೂರ್ತಿ ತಿಳಿಯಬೇಕು. ಎದೆ ಒತ್ತುತ್ತಿದೆ ಅನ್ನುವುದಕ್ಕೂ ಹೊಟ್ಟೆ ಉಬ್ಬರಿಸುತ್ತಿದೆ ಅನ್ನುವುದಕ್ಕೂ ನಡುವಿನ ವ್ಯತ್ಯಾಸದಲ್ಲಿ ಒಂದು ಜೀವ ಹೋಗಬಹುದು.

— ಸರಿ, ಬಸುರಿಯನ್ನು ಹಿಡಿದುಕೊಳ್ಳುವ ಏರ್ಪಾಡು ಹೇಗೆ? ನಮ್ಮ ತಾಯಿ ಕಾರ್ಡಿನ ಹಾಗೆ ಏನಾದರೂ?

— ಹಸಿರು ಕಾರ್ಡು. ಬಸುರಿ ಊರಿನ ಆರೋಗ್ಯ ಕೇಂದ್ರಕ್ಕೆ ಮೊದಲ ಸಲ ಬಂದಾಗ ಕೊಡುತ್ತಾರೆ. ಹನ್ನೆರಡು ವಾರದೊಳಗೆ ಬರಬೇಕು ಅನ್ನುವುದು ಗುರಿ. ರಕ್ತದ ಒತ್ತಡ, ಹಿಮೋಗ್ಲೋಬಿನ್, ಸಕ್ಕರೆ, ಹಿಂದಿನ ಹೆರಿಗೆಗಳ ಕಥೆ, ಎಲ್ಲವೂ ಅದರಲ್ಲಿರುತ್ತದೆ. ಅಪಾಯದ ಗುರುತು ಕಂಡರೆ ಕೇಂದ್ರದ ನರ್ಸೇ ದೊಡ್ಡ ಆಸ್ಪತ್ರೆಗೆ ದಿನ ಗೊತ್ತುಮಾಡುತ್ತಾಳೆ. ಹೆರಿಗೆಯ ನಂತರ ಎರಡನೇ ವಾರ, ಆರನೇ ವಾರ ಮತ್ತೆ ತಪಾಸಣೆ. 2009ರ ಸುಮಾರಿನಿಂದ ಎಚ್‌ಐವಿ ಪರೀಕ್ಷೆಯನ್ನೂ ಎಲ್ಲ ಬಸುರಿಯರಿಗೆ ಮಾಡತೊಡಗಿದರು. ಅದರ ಫಲ ನೋಡಿ, ತಾಯಿಯಿಂದ ಮಗುವಿಗೆ ಎಚ್‌ಐವಿ ಮತ್ತು ಸಿಫಿಲಿಸ್ ದಾಟುವುದನ್ನು ನಿಲ್ಲಿಸಿದ್ದಕ್ಕೆ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಸಿಕ್ಕಿತು. ಸಂಸ್ಥೆಯ ಪೂರ್ವ ಮೆಡಿಟರೇನಿಯನ್ ವಲಯದಲ್ಲಿ ಅದೇ ಮೊದಲ ದೇಶ.

— ಕಾರ್ಡು ನಮ್ಮಲ್ಲೂ ತುಂಬುತ್ತಾರೆ. ಹೆರಿಗೆಗಳಲ್ಲಿ ನೂರಕ್ಕೆ 97 ಆಸ್ಪತ್ರೆಯಲ್ಲೇ ಆಗುತ್ತಿವೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಜನನಿ ಸುರಕ್ಷಾ ಬಂತು, ಮಡಿಲು ಕಿಟ್ ಬಂತು, 2008ರಲ್ಲಿ 108 ವಾಹನ ಬಂತು. ಹೆಂಗಸರು ಆಸ್ಪತ್ರೆಗೆ ಬಂದೇ ಬಂದರು. 2001-03ರಲ್ಲಿ 228 ಇದ್ದದ್ದು 63ಕ್ಕೆ ಇಳಿದದ್ದು ಅದರಿಂದಲೇ. ನನ್ನನ್ನು ಚುಚ್ಚುವುದು ಇಷ್ಟು: ನೂರಕ್ಕೆ 97 ಮಂದಿ ನಮ್ಮ ಬಾಗಿಲ ಒಳಗೆ ಬಂದ ಮೇಲೂ ಇಷ್ಟು ಮಂದಿ ಸಾಯುತ್ತಿದ್ದಾರೆ ಅಂದರೆ, ಸಾಯುತ್ತಿರುವುದು ನಮ್ಮ ಕಣ್ಣೆದುರಿಗೇ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರಲ್ಲ, ಅವರು ಮನೆಯಲ್ಲಿ ಹೆತ್ತವರಲ್ಲ. ದಾರಿಯಲ್ಲಿ ಸಿಕ್ಕಿಬಿದ್ದವರೂ ಅಲ್ಲ. ನಂಬಿ ಬಂದವರು. ರಕ್ತನಾಳಕ್ಕೆ ಏರಿಸಿದ ದ್ರಾವಣದ ಮೇಲೆಯೇ ಅನುಮಾನ ಬಂತು. ಆ ಸುದ್ದಿ ಓದಿದ ರಾತ್ರಿ ನನ್ನ ವಾರ್ಡಿನ ಬಾಟಲಿಗಳ ಮೇಲಿನ ಚೀಟಿಗಳನ್ನು ಒಂದೊಂದಾಗಿ ಓದಿದೆ.

— ಆಮೇಲೆ ಸರ್ಕಾರ ರಾಜ್ಯದ ಎಲ್ಲ ತಾಯಂದಿರ ಸಾವುಗಳನ್ನೂ ತಪಾಸಣೆ ಮಾಡಿಸಿತಲ್ಲ?

— ಮಾಡಿಸಿತು. ಅದಕ್ಕಾದರೂ ಬಳ್ಳಾರಿ ಬೇಕಾಯಿತು ಅನ್ನುವುದು ನನ್ನ ನೋವು. ತಾಯಂದಿರ ಸಾವಿನ ಪರಿಶೀಲನೆಗೆ ದೇಶದ ಮಾರ್ಗಸೂಚಿ 2010ರಿಂದಲೇ ಇದೆ. ಜಿಲ್ಲಾಧಿಕಾರಿ ಮುಂದೆ ಸಭೆಯಾಗುತ್ತದೆ. ಸಭೆಗೆ ಹೋಗುವಾಗ ಎಲ್ಲರ ಮನಸ್ಸಿನಲ್ಲಿ ಒಂದೇ ಪ್ರಶ್ನೆ, ಅಮಾನತು ಯಾರದು? ಹಾಗಾಗಿ ಕಡತ ಸಭೆಗೆ ಬರುವ ಮೊದಲೇ ಬದಲಾಗುತ್ತದೆ. ಎಂಟು ಗಂಟೆಗೆ ಕಳಿಸಿದ್ದು ಆರು ಗಂಟೆಯಾಗುತ್ತದೆ. ಬದುಕುವ ಸ್ಥಿತಿಯಲ್ಲಿಲ್ಲ ಅನ್ನಿಸಿದವಳನ್ನು ಆಂಬುಲೆನ್ಸಿಗೆ ಏರಿಸಿಬಿಡುತ್ತಾರೆ, ಸಾವು ಬೇರೆ ಆಸ್ಪತ್ರೆಯ ಲೆಕ್ಕಕ್ಕೆ ಹೋಗಲಿ ಅಂತ. ಅಂಥ ಕಾಗದದಿಂದ ಯಾರು ಏನು ಕಲಿತಾರು?

— ಒಮಾನ್‌ನಲ್ಲಿ 1990ರ ದಶಕದ ಆರಂಭದಿಂದಲೇ ತಾಯಿಯ ಪ್ರತಿ ಸಾವನ್ನೂ ರಾಷ್ಟ್ರಮಟ್ಟದಲ್ಲಿ ವರದಿ ಮಾಡಿ ಪರಿಶೀಲಿಸುವ ಪದ್ಧತಿ ಬಂತು. ಇದರ ಬೇರು ಬ್ರಿಟನ್‌ನಲ್ಲಿದೆ. ಅಲ್ಲಿ 1952ರಿಂದ ತಾಯಂದಿರ ಸಾವುಗಳ ಗೋಪ್ಯ ವಿಚಾರಣೆ ನಡೆಯುತ್ತಿದೆ. ಹೆಸರು ಅಳಿಸಿ, ಊರು ಅಳಿಸಿ, ವೈದ್ಯರ ಗುರುತು ಅಳಿಸಿ, ಆಮೇಲೆ ಹಿರಿಯ ಪ್ರಸೂತಿ ತಜ್ಞರು, ಅರಿವಳಿಕೆ ತಜ್ಞರು, ಸೂಲಗಿತ್ತಿ ನರ್ಸುಗಳು ಕೂತು ಓದುತ್ತಾರೆ. ನ್ಯಾಯಾಲಯಕ್ಕೆ ಹೋಗಬೇಕಾದದ್ದು ಬೇರೆ ದಾರಿಯಲ್ಲಿ ಹೋಗಲಿ. ಈ ವಿಚಾರಣೆಯಲ್ಲಿ ಹುಡುಕುವುದು ಯಾವ ಗಂಟೆಯಲ್ಲಿ ಏನು ಆಗಬೇಕಿತ್ತು, ಏಕೆ ಆಗಲಿಲ್ಲ ಅನ್ನುವುದನ್ನು. ಅರಬ್ ನಾಡಿನ ಉದಾಹರಣೆ ದೂರವೆನಿಸಿದರೆ ಕಾಸರಗೋಡು ದಾಟಿದರೆ ಸಾಕು. ಕೇರಳದ ಪ್ರಸೂತಿ ತಜ್ಞರ ಒಕ್ಕೂಟ 2004ರಲ್ಲಿ ಡಾ. ವಿ. ಪಿ. ಪೈಲಿ ಅವರ ಮುಂದಾಳತ್ವದಲ್ಲಿ ಇದೇ ಗೋಪ್ಯ ಪರಿಶೀಲನೆ ಶುರುಮಾಡಿತು. 2004-06ರಲ್ಲಿ ಕೇರಳದ ಪ್ರಮಾಣ 95 ಇತ್ತು. 2018-20ರ ಹೊತ್ತಿಗೆ 19. ಒಮಾನ್‌ನ ಪಕ್ಕದಲ್ಲೇ ನಿಂತಿತು. ಕೇರಳದ ನೆಲದಡಿ ಎಣ್ಣೆ ಇಲ್ಲ.

— ಕೇರಳಕ್ಕೆ ಬಂದ ಕೊಲ್ಲಿಯ ದುಡ್ಡಿನಲ್ಲಿ ಒಮಾನ್‌ನದೂ ಇದೆಯಲ್ಲ! ಆದರೂ ಒಪ್ಪುತ್ತೇನೆ. ಎಣ್ಣೆಯ ವಾದ ನಾನು ಬಿಟ್ಟೆ. ಈಗ ಇನ್ನೊಂದು. ಒಮಾನ್‌ನ ಸಂಖ್ಯೆ ಎಷ್ಟು ವರ್ಷದಿಂದ ಇದೇ ಮಟ್ಟದಲ್ಲಿದೆ?

— ಇದು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ. ಸುಮಾರು ಇಪ್ಪತ್ತೈದು ವರ್ಷದಿಂದ ಅದು ಇಪ್ಪತ್ತರ ಆಸುಪಾಸಿನಲ್ಲಿ ಏರುತ್ತ ಇಳಿಯುತ್ತ ಇದೆ. ಮೊದಲ ಮೂವತ್ತು ವರ್ಷದ ಓಟ ಬೆರಗುಗೊಳಿಸುವಂಥದ್ದು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳ ಆರೋಗ್ಯ ವ್ಯವಸ್ಥೆಯನ್ನು ಅಳೆದಾಗ ಒಮಾನ್ ಒಟ್ಟಾರೆ ಎಂಟನೆಯದಾಗಿ ಬಂತು. 2010ರ ಮಾನವ ಅಭಿವೃದ್ಧಿ ವರದಿ ಹಿಂದಿನ ನಲವತ್ತು ವರ್ಷದಲ್ಲಿ ಅತಿ ಹೆಚ್ಚು ಮುಂದೆ ಬಂದ ದೇಶ ಇದೇ ಅಂದಿತು. ಆಮೇಲೆ ಈ ಒಂದು ಲೆಕ್ಕ ನಿಂತಲ್ಲೇ ನಿಂತಿದೆ. ಇಷ್ಟು ಸಣ್ಣ ದೇಶದಲ್ಲಿ ಒಂದು ವರ್ಷ ನಾಲ್ಕು ಸಾವು ಹೆಚ್ಚಾದರೂ ಪ್ರಮಾಣ ಐದು ಅಂಕ ಏರುತ್ತದೆ, ಅದು ನಿಜ. ಆದರೆ ಅಷ್ಟಕ್ಕೇ ಸಮಾಧಾನಪಡಬಾರದು. ಉಳಿದಿರುವ ಸಾವುಗಳ ಬಗೆಯೇ ಬೇರೆ. ರಸ್ತೆ, ಆಸ್ಪತ್ರೆ, ಕಾರ್ಡು ತಡೆಯಬಹುದಾದದ್ದನ್ನು ತಡೆದಾಗಿದೆ.

— ಬೇರೆ ಅಂದರೆ?

— ನಿಮ್ಮಲ್ಲಿ ಮೊದಲು ಬರುವುದು ರಕ್ತಸ್ರಾವ, ಬಿಪಿ ಏರಿ ಬರುವ ನಂಜು, ಸೋಂಕು. ಅಲ್ಲಿ ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಹೋಗಿ ಸಾಯುವುದು ಮುಂದಿನ ಸಾಲಿನಲ್ಲಿದೆ. ಹೆರಿಗೆ ಚೆನ್ನಾಗಿಯೇ ಆಗಿರುತ್ತದೆ. ಮೂರನೆಯ ದಿನವೋ ಹತ್ತನೆಯ ದಿನವೋ ಎದ್ದು ನಿಂತವಳು ಉಸಿರು ಸಿಗದೆ ಕುಸಿಯುತ್ತಾಳೆ. ತೂಕ ಹೆಚ್ಚಿದವರು, ಸಿಸೇರಿಯನ್ ಆದವರು, ವಯಸ್ಸಾದ ಮೇಲೆ ಆರನೆಯದೋ ಏಳನೆಯದೋ ಹೆತ್ತವರು, ಮಲಗಿಯೇ ಇರುವವರು, ಇವರಿಗೆ ಅಪಾಯ ಜಾಸ್ತಿ. ಅದಕ್ಕೆ ಪ್ರತಿ ಬಸುರಿಯ ಅಪಾಯದ ಅಂಕ ಲೆಕ್ಕಹಾಕಿ ಹೆಪಾರಿನ್ ಸೂಜಿ ಕೊಡುತ್ತಾರೆ. ಕೆಲವರು ಮನೆಯಲ್ಲೇ ಹೊಟ್ಟೆಯ ಚರ್ಮಕ್ಕೆ ತಾವೇ ಚುಚ್ಚಿಕೊಳ್ಳುತ್ತಾರೆ, ಆರು ವಾರ.

ಇನ್ನೊಂದು ಕುಡಗೋಲು ಕಣ ರೋಗ. ಒಮಾನಿಗಳಲ್ಲಿ ನೂರಕ್ಕೆ ಆರರಷ್ಟು ಮಂದಿ ಅದರ ವಾಹಕರು. ರಕ್ತಸಂಬಂಧದಲ್ಲೋ ಒಂದೇ ಬುಡಕಟ್ಟಿನೊಳಗೋ ಆಗುವ ಮದುವೆಗಳು ಒಟ್ಟು ಮದುವೆಗಳ ಅರ್ಧಕ್ಕಿಂತ ಹೆಚ್ಚು ಅಂತ 2000ದ ಒಂದು ಅಧ್ಯಯನ ತೋರಿಸಿತು. ಈ ರೋಗವಿರುವ ಹೆಣ್ಣುಮಕ್ಕಳು ಹಿಂದೆ ಬಾಲ್ಯದಲ್ಲೇ ಹೋಗಿಬಿಡುತ್ತಿದ್ದರು. ಈಗ ಮಕ್ಕಳ ವೈದ್ಯ ಅವರನ್ನು ಉಳಿಸುತ್ತಾನೆ. ಬೆಳೆಯುತ್ತಾರೆ, ಮದುವೆಯಾಗುತ್ತಾರೆ, ತಾಯಿಯಾಗಬೇಕೆಂದು ಬಯಸುತ್ತಾರೆ. ಏಕೆ ಬಯಸಬಾರದು? ಆದರೆ ಬಸುರಿನಲ್ಲಿ ಆ ರಕ್ತಕಣಗಳು ಬಿಗಿದು ಮೂಳೆಗಳಲ್ಲಿ ತಡೆಯಲಾಗದ ನೋವು ಬರುತ್ತದೆ, ಎದೆ ಹಿಡಿಯುತ್ತದೆ, ಹೆಪ್ಪುಗಟ್ಟುತ್ತದೆ. ಹಿಂದೆ ಹಲವು ಸಲ ರಕ್ತ ಹಾಕಿಸಿಕೊಂಡವರಿಗೆ ಹೊಂದುವ ರಕ್ತ ಸಿಗುವುದೇ ಕಷ್ಟ. ನಾನು ಕೈಹಿಡಿದು ಕೂತ ರಾತ್ರಿಗಳಲ್ಲಿ ಅತ್ಯಂತ ಉದ್ದವಾದವು ಈ ಹುಡುಗಿಯರ ಹಾಸಿಗೆಯ ಪಕ್ಕದವೇ.

— ಚಾಮರಾಜನಗರದ ಸೋಲಿಗರಲ್ಲಿ, ಎಚ್.ಡಿ. ಕೋಟೆಯ ಜೇನುಕುರುಬರಲ್ಲಿ ಈ ರೋಗ ಇದೆ. 2023ರಲ್ಲಿ ಕೇಂದ್ರ ಸರ್ಕಾರ ಇದಕ್ಕೆಂದೇ ದೊಡ್ಡ ಕಾರ್ಯಕ್ರಮ ಶುರುಮಾಡಿತು. ಮಕ್ಕಳ ತಪಾಸಣೆ ನಡೆಯುತ್ತಿದೆ. ಆ ಹಾಡಿಗಳ ಹುಡುಗಿ ಬಸುರಿಯಾದಾಗ ಅವಳಿಗೆ ಏನು ವ್ಯವಸ್ಥೆ ಎಂದು ಯೋಚಿಸುವವರು ಕಡಿಮೆ. ಅಕ್ಕನ ಮಗಳನ್ನು ತಂದುಕೊಳ್ಳುವ ನಮ್ಮ ಉತ್ತರದ ಮನೆಗಳಿಗೂ ಈ ಒಮಾನ್ ಪಾಠ ಹತ್ತಿರದ್ದೇ.

— ಮೂರನೆಯದು ಸಿಸೇರಿಯನ್. ಇದರ ಬಗ್ಗೆ ನಾನು ಸ್ವಲ್ಪ ಬಿಸಿಯಾಗಿಯೇ ಮಾತಾಡುತ್ತೇನೆ. 2000ದ ಸುಮಾರಿಗೆ ಒಮಾನ್‌ನಲ್ಲಿ ಹತ್ತು ಹೆರಿಗೆಗೆ ಒಂದು ಸಿಸೇರಿಯನ್. ಈಗ ಐದಕ್ಕೆ ಒಂದರ ಹತ್ತಿರ ಬಂದಿದೆ.

— ನಮ್ಮದು ಮೂರಕ್ಕೆ ಒಂದರ ಹತ್ತಿರ. ಖಾಸಗಿಯಲ್ಲಿ ಅರ್ಧ.

— ನಮ್ಮದು ಇನ್ನೂ ಕೆಟ್ಟದು, ಗೊತ್ತು. ಆದರೆ ಅಲ್ಲಿ ಒಂದು ವ್ಯತ್ಯಾಸವಿದೆ. ಇಲ್ಲಿ ಎರಡಾದ ಮೇಲೆ ನಿಲ್ಲಿಸುತ್ತಾರೆ. ಅಲ್ಲಿ ಐದು, ಆರು ಮಕ್ಕಳು ಬೇಕೆನ್ನುವ ಮನೆಗಳು ಇನ್ನೂ ಇವೆ. ಮೊದಲನೆಯದಕ್ಕೆ ಅವಸರದಲ್ಲಿ ಕೊಯ್ದರೆ ಆ ಕೊಯ್ತದ ಬೆಲೆಯನ್ನು ನಾಲ್ಕನೆಯ ಬಸುರಿನಲ್ಲಿ ಕೊಡಬೇಕಾಗುತ್ತದೆ. ಮಾಸು ಹಳೆಯ ಗಾಯದ ಮೇಲೆಯೇ ಕೂತು ಗರ್ಭಕೋಶದ ಗೋಡೆಯೊಳಕ್ಕೆ ಬೇರಿಳಿಸುತ್ತದೆ. ಮಗು ತೆಗೆದ ಮೇಲೆ ಮಾಸು ಬಿಡಿಸಲು ಹೋದರೆ ನಲ್ಲಿ ಬಿಟ್ಟ ಹಾಗೆ ರಕ್ತ. ಕೆಲವೇ ನಿಮಿಷದಲ್ಲಿ ದೇಹದ ಅರ್ಧ ರಕ್ತ ಹೋಗುತ್ತದೆ. ಮಸ್ಕತ್ತಿನ ರಾಯಲ್ ಆಸ್ಪತ್ರೆಯಲ್ಲೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲೋ ಮೊದಲೇ ಪತ್ತೆಹಚ್ಚಿ, ರಕ್ತ ಜೋಡಿಸಿ, ಮೂತ್ರಕೋಶದ ತಜ್ಞರನ್ನೂ ಕರೆದು ಮಾಡಿದರೆ ಉಳಿಯುತ್ತಾಳೆ, ಬಹಳ ಸಲ ಗರ್ಭಕೋಶ ಕಳೆದುಕೊಂಡು. ಮೊದಲ ಸಿಸೇರಿಯನ್ ಮಾಡಿದ ವೈದ್ಯ ಆ ಹೊತ್ತಿಗೆ ಎಲ್ಲಿರುತ್ತಾನೋ. ತನ್ನ ಒಂದು ಸಂಜೆಯ ನಿರ್ಧಾರ ಹತ್ತು ವರ್ಷದ ನಂತರ ಏನಾಯಿತೆಂದು ಅವನಿಗೆ ತಿಳಿಯುವುದೇ ಇಲ್ಲ. ಅದಕ್ಕೇ ಹೆರಿಗೆಯನ್ನು ತಾಳ್ಮೆಯಿಂದ ಕಾಯಬಲ್ಲ ತರಬೇತಾದ ಸೂಲಗಿತ್ತಿ ನರ್ಸು ಬೇಕು ಅಂತ ನಾನು ಹಟ ಹಿಡಿಯುವುದು. ನಮ್ಮ ದೇಶವೂ 2018ರಲ್ಲಿ ಅದಕ್ಕೆ ಮಾರ್ಗಸೂಚಿ ತಂದಿತು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಕೊಟ್ಟದ್ದೂ ಅದೇ ವರ್ಷ. ಪ್ರಶಸ್ತಿ ಕೊಟ್ಟ ವಿದ್ಯೆಗೆ ಹುದ್ದೆಯನ್ನೂ ಕೊಡಬೇಕಲ್ಲವೆ?

— ಆ ಐದು, ಆರು ಮಕ್ಕಳ ವಿಷಯ. ಅದನ್ನು ಒಮಾನ್ ಹೇಗೆ ಇಳಿಸಿತು?

— ಜನಸಂಖ್ಯೆ ಇಳಿಸುತ್ತೇವೆ ಅನ್ನಲಿಲ್ಲ. 1980ರ ದಶಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಎಂಟರ ಹತ್ತಿರ ಮಕ್ಕಳು. 1994ರಲ್ಲಿ ಹೆರಿಗೆಗಳ ನಡುವೆ ಅಂತರ ಬಿಡುವ ಕಾರ್ಯಕ್ರಮ ತಂದರು. ಎಲ್ಲ ಸರ್ಕಾರಿ ಕೇಂದ್ರಗಳಲ್ಲಿ ಗುಳಿಗೆ, ವಂಕಿ, ಚುಚ್ಚುಮದ್ದು ಉಚಿತ. ಎಷ್ಟು ಮಕ್ಕಳೆಂದು ನಾವು ಹೇಳುವುದಿಲ್ಲ, ನಡುವೆ ತಾಯಿಗೆ ಚೇತರಿಸಿಕೊಳ್ಳಲು ಸಮಯ ಕೊಡಿ ಅಂದರು. ಎರಡು ವರ್ಷ ಎದೆಹಾಲು ಕುರಾನಿನಲ್ಲೇ ಇರುವ ಮಾತು, ಮನೆಯ ಗಂಡಸರಿಗೂ ಒಪ್ಪಿಗೆಯಾಯಿತು. ಹೆಣ್ಣುಮಕ್ಕಳು ಶಾಲೆಗೆ ಹೋದದ್ದು, ಮದುವೆಯ ವಯಸ್ಸು ಏರಿದ್ದು ಜೊತೆಗೂಡಿತು. 2010ರ ಹೊತ್ತಿಗೆ ಸರಾಸರಿ ಮೂರಕ್ಕೆ ಇಳಿಯಿತು. ಎಂಟು ಸಲ ಸಾವಿನ ಹೊಸಿಲು ಮುಟ್ಟಿ ಬರಬೇಕಿದ್ದವಳು ಮೂರು ಸಲ ಮುಟ್ಟಿ ಬಂದರೆ ಸಾಕಾಯಿತು. ಲಕ್ಷ ಜನನಕ್ಕೆ ಎಷ್ಟು ಅನ್ನುವ ಪ್ರಮಾಣದಲ್ಲಿ ಈ ಲಾಭ ಪೂರ್ತಿ ಕಾಣುವುದೇ ಇಲ್ಲ.

— ನೀವು ಹೇಳದೆ ಬಿಟ್ಟದ್ದು ಒಂದಿದೆ. ಆ ನೂರಕ್ಕೆ ಮೂವತ್ತೊಂಬತ್ತು ಮಂದಿ. ಅವರ ಹೆಂಗಸರು?

— ಬಿಟ್ಟಿರಲಿಲ್ಲ, ಅದಕ್ಕೇ ಬರುತ್ತಿದ್ದೆ. ಒಮಾನಿ ಹೆಂಗಸಿಗೆ ಸರ್ಕಾರಿ ಆಸ್ಪತ್ರೆಯ ಹೆರಿಗೆ ಹಕ್ಕು. ಹೊರಗಿನವಳಿಗೆ ಅದು ಬಿಲ್ಲು. ನಮ್ಮವರಲ್ಲಿ ಒಳ್ಳೆಯ ಕೆಲಸದಲ್ಲಿರುವವರು ಖಾಸಗಿಗೆ ಹೋಗುತ್ತಾರೆ, ವಿಮೆ ಇರುತ್ತದೆ. ಕಡಿಮೆ ಸಂಬಳದವನು ಏಳನೇ ತಿಂಗಳಿಗೆ ಹೆಂಡತಿಯನ್ನು ತವರಿಗೆ ಕಳಿಸುತ್ತಾನೆ. ಸೀಮಂತಕ್ಕೆಂದು ಹೇಳುತ್ತಾರೆ, ಖರ್ಚೂ ಅದರ ಹಿಂದೆ ಇರುತ್ತದೆ. ಅವಳ ಹಸಿರು ಕಾರ್ಡು ಅಲ್ಲಿ ಅರ್ಧಕ್ಕೆ ನಿಂತಿತು, ಇಲ್ಲಿ ತಾಯಿ ಕಾರ್ಡು ಏಳನೇ ತಿಂಗಳಿಗೆ ಶುರುವಾಯಿತು. ಅವಳಿಗೆ ಇಲ್ಲಿ ಏನಾದರೂ ಆದರೆ ಅದು ಕರ್ನಾಟಕದ ಲೆಕ್ಕ, ಒಮಾನ್‌ನ ಕಾಗದದಲ್ಲಿ ಅವಳಿಲ್ಲ. ಇವರಿಗಿಂತ ಕೆಳಗೆ ಮನೆಗೆಲಸದವರಿದ್ದಾರೆ. 2003ರ ಕಾರ್ಮಿಕ ಕಾನೂನು ಅವರನ್ನು ತನ್ನ ವ್ಯಾಪ್ತಿಯಿಂದಲೇ ಹೊರಗಿಟ್ಟಿತ್ತು. ಪಾಸ್‌ಪೋರ್ಟು ಮಾಲೀಕನ ಕೈಯಲ್ಲಿರುವವಳು, ವೀಸಾ ಮುಗಿದವಳು, ಬಸುರಿಯಾದರೆ ಆರೋಗ್ಯ ಕೇಂದ್ರಕ್ಕೆ ಹೇಗೆ ಬರುತ್ತಾಳೆ? ಹನ್ನೆರಡನೇ ವಾರದಲ್ಲಲ್ಲ, ನೋವು ಬಂದ ಮೇಲೆ ತುರ್ತು ಬಾಗಿಲಿಗೆ ಬರುತ್ತಾಳೆ. ಬಾಗಿಲಿಗೆ ಬಂದವಳನ್ನು ನಾವು ಎಂದೂ ಹಿಂದೆ ಕಳಿಸಲಿಲ್ಲ. ಆದರೆ ಆ ಹೊತ್ತಿಗೆ ಬಿಪಿ ಆಗಲೇ ಮಿದುಳಿಗೆ ಏರಿರುತ್ತದೆ.

— ಸರ್ಕಾರ ಇತ್ತೀಚೆಗೆ ಏನಾದರೂ ಮಾಡಿತೆ?

— 2023ರಲ್ಲಿ ಎರಡು ಕಾನೂನು ಬಂದವು. ಹೆರಿಗೆ ರಜೆ 50 ದಿನ ಇದ್ದದ್ದು 98 ದಿನಕ್ಕೆ ಏರಿತು, ತಂದೆಗೂ ಏಳು ದಿನ. ರಜೆಯ ಸಂಬಳವನ್ನು ಮಾಲೀಕನ ಜೇಬಿನ ಬದಲು ಸಾಮಾಜಿಕ ವಿಮೆಯ ನಿಧಿಯಿಂದ ಕೊಡುವ ಏರ್ಪಾಡು 2024ರ ಜುಲೈಯಲ್ಲಿ ಜಾರಿಗೆ ಬಂತು. ಹೊರದೇಶದ ಉದ್ಯೋಗಿಗಳಿಗೂ ಅನ್ವಯಿಸುತ್ತದೆ ಅನ್ನುವುದು ದೊಡ್ಡ ಮಾತು. ಹೆಂಗಸನ್ನು ಕೆಲಸಕ್ಕೆ ತೆಗೆದುಕೊಂಡರೆ ನಷ್ಟ ಅನ್ನುವ ಮಾಲೀಕನ ಲೆಕ್ಕ ಅದರಿಂದ ಮುರಿಯುತ್ತದೆ. ನಮ್ಮಲ್ಲಿ 26 ವಾರ ಅಂತ ಹೆಮ್ಮೆಯಿಂದ ಬರೆದು ಬಹುಪಾಲು ಭಾರ ಮಾಲೀಕನ ಮೇಲೆ ಹಾಕಿದ್ದೇವೆ. ಬೀಡಿ ಕಟ್ಟುವವಳಿಗೆ, ಹೊಲಕ್ಕೆ ಕೂಲಿ ಹೋಗುವವಳಿಗೆ ಆ 26 ವಾರ ಎಲ್ಲಿಂದ ಬಂದೀತು?

— ನಮ್ಮಲ್ಲಿ ಇಲ್ಲದ್ದನ್ನೇ ಹೇಳುತ್ತ ಹೋದರೆ ನನ್ನ ಕೈ ಸೋಲುತ್ತದೆ. ನಮ್ಮಿಂದ ಜಗತ್ತು ಕಲಿತದ್ದೂ ಇದೆಯಲ್ಲ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಆ ಜಿಲ್ಲೆಯ ಹಳ್ಳಿಗಳಲ್ಲಿ ಮಿಸೊಪ್ರೊಸ್ಟಾಲ್ ಗುಳಿಗೆಯ ಪ್ರಯೋಗ ಮಾಡಿದರು, 2006ರಲ್ಲಿ ಪ್ರಕಟವಾಯಿತು. ಶೀತಲ ಪೆಟ್ಟಿಗೆಯಿಲ್ಲದ ಊರಿನಲ್ಲಿ ಸಹಾಯಕ ನರ್ಸು ಕೊಟ್ಟ ಗುಳಿಗೆಯಿಂದ ಹೆರಿಗೆಯ ನಂತರದ ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳುವುದು ಬೇಡವೆಂದು ಅಳತೆಯ ಗೆರೆಯಿರುವ ಪ್ಲಾಸ್ಟಿಕ್ ಹಾಸನ್ನು ಬಳಸಿದ್ದೂ ಅಲ್ಲೇ. ಕಣ್ಣಂದಾಜು ಎಷ್ಟು ಕಡಿಮೆ ಹೇಳುತ್ತದೆ ಅನ್ನುವುದು ಆ ಹಾಸಿನಿಂದ ಬಯಲಾಯಿತು. ಮೂರು ಅಂಕೆಯ ಸಾವಿನಿಂದ ಎರಡು ಅಂಕೆಗೆ ಇಳಿಯಲು ಬೇಕಾದದ್ದು ನಮ್ಮ ನೆಲದಲ್ಲೇ ಹುಟ್ಟಿತು.

— ಎರಡು ಅಂಕೆಯಿಂದ ಕೆಳಗೆ ಇಳಿಯುವುದಕ್ಕೆ ಕಡತ ಓದಬೇಕು. ಮುಸಂದಂ ಅಂತ ಒಂದು ತುದಿಯಿದೆ, ಹೊರ್ಮುಝ್ ಜಲಸಂಧಿಯ ಮೇಲೆ. ಅಲ್ಲಿ ಕುಮ್ಝಾರ್ ಅಂತ ಊರು, ಬೆಟ್ಟಗಳು ಮೂರು ಕಡೆ ಮುಚ್ಚಿವೆ, ದೋಣಿಯಲ್ಲೇ ಹೋಗಬೇಕು. ಅಂಥ ಕಡೆಯಿಂದ ಹೆಲಿಕಾಪ್ಟರಿನಲ್ಲಿ ಬಸುರಿಯನ್ನು ತರುತ್ತಾರೆ ಅನ್ನುವುದು ಎಲ್ಲರ ಬಾಯಲ್ಲೂ ಇದೆ. ಹೆಲಿಕಾಪ್ಟರಿಗೆ ಫೋನು ಮಾಡಬೇಕೆಂದು ಗೊತ್ತಾದದ್ದು ಯಾವಾಗ, ಮನೆಯವರು ಒಪ್ಪಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದನ್ನು ಕೇಳುವವರು ಕಡಿಮೆ. ಥಾಡಿಯಸ್ ಮತ್ತು ಮೇನ್ ಎಂಬ ಇಬ್ಬರು 1994ರಲ್ಲಿ ಮೂರು ತಡಗಳನ್ನು ಗುರುತಿಸಿದರು. ನಿರ್ಧಾರದ ತಡ, ದಾರಿಯ ತಡ, ಆಸ್ಪತ್ರೆಯೊಳಗಿನ ತಡ. ಒಮಾನ್ ಎರಡನೆಯದನ್ನು ಹೆಚ್ಚುಕಡಿಮೆ ಗೆದ್ದಿದೆ. ಉಳಿದೆರಡರ ಜೊತೆ ಈಗಲೂ ಹೋರಾಡುತ್ತಿದೆ. ನಿಮ್ಮಲ್ಲಿ ಕೊನೆಯ ಸಾವು ಯಾವುದರಿಂದ ಆಯಿತು?

— ಮೂರೂ ಇತ್ತು. ತಾಂಡಾದವಳು. ಅತ್ತೆ ಬೆಳಗಾಗಲಿ ಅಂದಳು, ವಾಹನ ಬೇರೆ ಕಡೆ ಹೋಗಿತ್ತು, ಜಿಲ್ಲಾಸ್ಪತ್ರೆಯಲ್ಲಿ ಅವಳ ಗುಂಪಿನ ರಕ್ತ ಇರಲಿಲ್ಲ. ವರದಿಯಲ್ಲಿ ಬರೆದದ್ದು ರಕ್ತಹೀನತೆ ಅಂತ ಮಾತ್ರ.

— ಸಭೆಗೆ ಅವಳ ಅತ್ತೆಯನ್ನು ಕರೆದಿದ್ದರೆ?

— ಕರೆದಿರಲಿಲ್ಲ. ಮುಂದಿನ ತಿಂಗಳು ಅದೇ ಕಡತ ಮತ್ತೆ ಬರುತ್ತದೆ, ಜಿಲ್ಲಾ ಆರೋಗ್ಯಾಧಿಕಾರಿ ಸಾಹೇಬರು ಸಹಿ ಹಾಕಿಲ್ಲ. ವಾಹನದ ಚಾಲಕನನ್ನು, ರಕ್ತನಿಧಿಯ ರಾತ್ರಿ ಪಾಳಿಯವನನ್ನು, ಅತ್ತೆಯನ್ನು, ಆ ತಾಂಡಾದ ಆಶಾಳನ್ನು ಕರೆಸಿ ಅಂತ ಬರೆದುಕೊಡುತ್ತೇನೆ. ಯಾರಿಗೂ ನೋಟಿಸು ಕೊಡುವುದಿಲ್ಲ ಅಂತ ಸಾಹೇಬರು ಮೊದಲೇ ಬರವಣಿಗೆಯಲ್ಲಿ ಕೊಡಬೇಕು. ಇಲ್ಲದಿದ್ದರೆ ಆಶಾ ಬಾಯಿ ಬಿಡುವುದಿಲ್ಲ.

— ಕೊಡುತ್ತಾರೆಯೆ?

— ಕೇಳುತ್ತೇನೆ. ಆ ಪರಿಶೀಲನೆಯ ನಮೂನೆ ಕೇರಳದವರದು ಸಿಕ್ಕರೆ ನನಗೆ ಕಳಿಸಿ, ಒಮಾನ್‌ನದು ಇದ್ದರೆ ಅದೂ ಇರಲಿ. ನಮ್ಮದರಲ್ಲಿ ರಕ್ತ ಎಷ್ಟು ಗಂಟೆಗೆ ಕೇಳಿದ್ದು, ಎಷ್ಟು ಗಂಟೆಗೆ ಬಂದದ್ದು ಅಂತ ಬರೆಯಲು ಜಾಗವೇ ಸಾಲದು.